ಗೆಲುವಿನ ಒಡೆತನ: ಕ್ರೈಸ್ತ ಕ್ರೀಡಾಪಟು ಮತ್ತು ದೇವರ ಮಹಿಮೆ

ಕ್ರೈಸ್ತ ಧರ್ಮಚಿಂತನೆಯಲ್ಲಿ ದೇವರನ್ನು ಮಹಿಮೆಪಡಿಸುವುದೆಂದರೆ ದೇವರಿಗೆ ಇಲ್ಲದ ಹಿರಿಮೆಯನ್ನು ಮನುಷ್ಯ ತಂದು ಕೂಡಿಸುವುದಲ್ಲ. ತನ್ನ ಶಕ್ತಿ, ಸಮಯ, ಕೌಶಲಗಳೆಲ್ಲ ವರವಾಗಿ ಬಂದವೆಂದು ಒಪ್ಪಿ, ಅವುಗಳ ಫಲವನ್ನು ಕೊಟ್ಟವನಿಗೇ ಸಲ್ಲಿಸುವ ಬದುಕಿನ ಕ್ರಮಕ್ಕೆ ಆ ಹೆಸರು. ಈ ಕ್ರಮ ಕಠಿಣ ಪರೀಕ್ಷೆಗೆ ಒಳಗಾಗುವ ಸ್ಥಳಗಳಲ್ಲಿ ಕ್ರೀಡಾಂಗಣವೂ ಒಂದು, ಏಕೆಂದರೆ ಅಲ್ಲಿ ಪ್ರತಿಯೊಂದು ಸಾಧನೆಯೂ ಒಬ್ಬನ ಹೆಸರಿನ ಮುಂದೆ ಅಂಕಿಯಾಗಿ ದಾಖಲಾಗುತ್ತದೆ ಮತ್ತು ಸಾವಿರಾರು ಜನರ ಹೊಗಳಿಕೆ ಆ ಗಳಿಗೆಯಲ್ಲೇ ಕಿವಿಗೆ ಬೀಳುತ್ತದೆ. ಗೆದ್ದವನು ದೇವರ ಹೆಸರೆತ್ತಿದಾಗ ಅದು ಶ್ರದ್ಧೆಯೋ ರೂಢಿಯೋ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಆದ್ದರಿಂದ ನಂಬುವವರಿಗೂ ನಂಬದವರಿಗೂ ಸಮನಾಗಿ ಮುಖ್ಯವಾದುದು.

ಈ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಮೊದಲನೆಯ ಶತಮಾನದ ನಡುಭಾಗದಲ್ಲಿ ಅಪೊಸ್ತಲ ಪೌಲ, ಎಂದರೆ ಯೇಸುವಿನ ಸಂದೇಶವನ್ನು ಯೆಹೂದ್ಯರಲ್ಲದವರ ನಡುವೆ ಸಾರಿದ ಪ್ರಮುಖ ಪ್ರಚಾರಕ, ಕೊರಿಂಥ ನಗರದ ಸಭೆಗೆ ಬರೆದ ಪತ್ರಿಕೆಯಲ್ಲಿ ಓಟಗಾರನನ್ನೂ ಮುಷ್ಟಿಯುದ್ಧದವನನ್ನೂ ಭಕ್ತನಿಗೆ ಮಾದರಿಯಾಗಿ ತೋರಿಸುತ್ತಾನೆ. ಆ ನಗರದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಎಲೆಗಳ ಕಿರೀಟ ಏರುತ್ತಿತ್ತು. ಬಾಡಿಹೋಗುವ ಕಿರೀಟಕ್ಕಾಗಿ ಅಷ್ಟೊಂದು ಸಂಯಮವಿರುವಾಗ ಬಾಡದ ಕಿರೀಟಕ್ಕಾಗಿ ಎಷ್ಟಿರಬೇಕು ಎಂಬುದು ಪೌಲನ ವಾದದ ತಿರುಳು. ಈ ಮಾತು ಕನ್ನಡಕ್ಕೆ ಬಂದ ದಾರಿ ಬಳ್ಳಾರಿಯದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಅನುವಾದಕ್ಕೆ ತೊಡಗಿದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ದೊರೆಯಿತು. 

ಅದೇ ಲಂಡನ್ ಮಿಷನರಿ ಸೊಸೈಟಿಯ ಇನ್ನೊಂದು ಕುಟುಂಬದಲ್ಲಿ, ಚೀನಾದ ಟಿಯಾನ್‌ಜಿನ್‌ನಲ್ಲಿ, 1902ರಲ್ಲಿ ಹುಟ್ಟಿದ ಎರಿಕ್ ಲಿಡೆಲ್ ಈ ವಿಷಯದ ಚರ್ಚೆಯಲ್ಲಿ ಎಲ್ಲರೂ ನೆನೆಯುವ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಆರಂಭದ ಸುತ್ತುಗಳು ಭಾನುವಾರ ಬಿದ್ದಿದ್ದವು. ಆ ದಿನ ದೇವರಿಗೆ ಮೀಸಲೆಂದು ನಂಬಿದ್ದ ಆತ, ತನಗೆ ಅತ್ಯಂತ ಹೊಂದುತ್ತಿದ್ದ ಆ ಓಟವನ್ನೇ ಬಿಟ್ಟುಕೊಟ್ಟು ನಾನೂರು ಮೀಟರಿಗೆ ಸಿದ್ಧನಾದ. ಅಷ್ಟಾಗಿ ಪಳಗಿರದ ಆ ದೂರವನ್ನು 47.6 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದ. ಇನ್ನೂರು ಮೀಟರಿನಲ್ಲಿ ಮಾತ್ರ ಕಂಚಿಗೆ ತೃಪ್ತಿಪಡಬೇಕಾಯಿತು. ಮರುವರ್ಷ ಕೀರ್ತಿಯ ತುದಿಯಲ್ಲಿದ್ದಾಗಲೇ ಓಟದ ಬದುಕನ್ನು ಬಿಟ್ಟು ಶಿಕ್ಷಕನಾಗಿ ಚೀನಾಕ್ಕೆ ಹಿಂದಿರುಗಿದ.

ಲಿಡೆಲ್‌ನ ನಿಲುವಿನ ಆಳ ತಿಳಿಯಬೇಕಾದರೆ ಪ್ಯಾರಿಸ್ಸನ್ನು ದಾಟಿ ವೈಷಿಯನ್‌ಗೆ ಬರಬೇಕು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ವಿದೇಶಿಯರನ್ನು ಕೂಡಿಹಾಕಿದ್ದ ಆ ಬಂಧನ ಶಿಬಿರದಲ್ಲಿ ಆತ ಮಕ್ಕಳಿಗೆ ಪಾಠ ಹೇಳಿ ಆಟಗಳನ್ನು ಏರ್ಪಡಿಸುತ್ತಿದ್ದ. ಭಾನುವಾರ ಮಾತ್ರ ಆಟವಿರಲಿಲ್ಲ. ಆ ದಿನ ಹುಡುಗರು ತಾವೇ ಹಾಕಿ ಆಡಲು ಹೋಗಿ ತೀರ್ಪುಗಾರನಿಲ್ಲದೆ ಕಿತ್ತಾಡಿಕೊಂಡಾಗ, ಮುಂದಿನ ವಾರ ಲಿಡೆಲ್ ತಾನೇ ಅಂಗಳಕ್ಕಿಳಿದು ತೀರ್ಪುಗಾರನಾಗಿ ನಿಂತನೆಂದು ಆತನ ಬದುಕನ್ನು ಬರೆದವರು ದಾಖಲಿಸಿದ್ದಾರೆ. ಚಿನ್ನದ ಆಸೆಗೂ ಮುರಿಯದ ನಿಯಮವನ್ನು ಮಕ್ಕಳ ನೆಮ್ಮದಿಗಾಗಿ ಆತ ಸಡಿಲಿಸಿದ. ನಿಷ್ಠೆಯ ಖ್ಯಾತಿಯೇ ಆತನಿಗೆ ಮುಖ್ಯವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಪದಕವನ್ನು ಬಿಡಬಲ್ಲವರು ಹಲವರಿದ್ದಾರು. ಪದಕ ಬಿಟ್ಟವನೆಂಬ ಹೆಸರನ್ನೂ ಬಿಡಬಲ್ಲವರು ವಿರಳ. 1945ರ ಫೆಬ್ರವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳು ಉಳಿದಿದ್ದಾಗ, ಮಿದುಳಿನ ಗೆಡ್ಡೆಯಿಂದ ಆತ ಅದೇ ಶಿಬಿರದಲ್ಲಿ ತೀರಿಕೊಂಡ.

ಕನ್ನಡನಾಡಿಗೆ ಹತ್ತಿರದ ಈಚಿನ ಉದಾಹರಣೆ, ಮಂಗಳೂರು ಮೂಲದ ಕ್ರೈಸ್ತ ಕುಟುಂಬದಲ್ಲಿ ಮುಂಬೈಯಲ್ಲಿ ಹುಟ್ಟಿ ಬೆಳೆದ ಕ್ರಿಕೆಟ್ ಆಟಗಾರ್ತಿ ಜೆಮಿಮಾ ರಾಡ್ರಿಗಸ್ ಅವರದು. 2025ರ ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ ನಡೆದ ಮಹಿಳಾ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಒಡ್ಡಿದ 339 ರನ್ನುಗಳ ಗುರಿಯನ್ನು ಭಾರತ ತಲುಪಿದಾಗ ಅವರು 127 ರನ್ ಗಳಿಸಿ ಅಜೇಯರಾಗಿ ಉಳಿದಿದ್ದರು. ಅದೇ ಟೂರ್ನಿಯಲ್ಲಿ ಎರಡು ಬಾರಿ ಸೊನ್ನೆಗೆ ಔಟಾಗಿ, ಒಂದು ಪಂದ್ಯಕ್ಕೆ ತಂಡದಿಂದ ಹೊರಗುಳಿದು, ಆತಂಕದಿಂದ ದಿನದಿನವೂ ಅತ್ತವರು ಅವರು. ಶತಕ ಮುಟ್ಟಿದಾಗಲೂ ಸಂಭ್ರಮಿಸದೆ ಆಡಿದ ಅವರು, ಪಂದ್ಯದ ಬಳಿಕ ಮೊದಲು ಯೇಸುವಿಗೆ ಕೃತಜ್ಞತೆ ಹೇಳಿ, ಇದು ತಮ್ಮೊಬ್ಬರಿಂದ ಆಗುವುದಾಗಿರಲಿಲ್ಲವೆಂದರು. ಆ ದಿನ ಮುಖ್ಯವಾದುದು ತಮ್ಮ ಶತಕವಲ್ಲ, ಭಾರತದ ಗೆಲುವು ಎಂದರು. ಕಸುವು ಉಡುಗಿದಾಗ ಜೊತೆಯಾಟಗಾರ್ತಿಯರು ಹುರಿದುಂಬಿಸಿದ್ದನ್ನೂ ತಮ್ಮ ಅಳುವನ್ನೂ ಮುಚ್ಚಿಡದೆ ತಿಳಿಸಿದರು. ದೇವರಿಗೆ ಸಲ್ಲಿಸಿದ ಕೃತಜ್ಞತೆ ಸಂಗಾತಿಗಳ ಪಾಲನ್ನು ಕಾಣಿಸಿತೇ ಹೊರತು ಮರೆಮಾಡಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಇಂಥ ಮಾತುಗಳಿಗೆ ಗಂಭೀರವಾದ ಆಕ್ಷೇಪಗಳಿವೆ. ದೇವರು ಒಂದು ತಂಡದ ಪಕ್ಷ ಹಿಡಿಯುತ್ತಾನೆಯೇ, ಸೋತವರ ಪ್ರಾರ್ಥನೆ ಅವನ ಕಿವಿಗೆ ಬೀಳಲಿಲ್ಲವೇ ಎಂಬುದು ಮೊದಲನೆಯದು. ಗೆಲುವು ದೇವರ ಮೆಚ್ಚುಗೆಯ ಗುರುತೆಂದು ಹೇಳುವ ಭಕ್ತಿಗೆ ಇದಕ್ಕೆ ಉತ್ತರವಿಲ್ಲ, ಮತ್ತು ಶಿಲುಬೆಯ ಮೇಲೆ ಲೋಕದ ಕಣ್ಣಿಗೆ ಸೋತವನನ್ನು ಆರಾಧಿಸುವ ಧರ್ಮ ಹಾಗೆ ಹೇಳುವಂತೆಯೂ ಇಲ್ಲ. ಕಂಚಿನ ಇನ್ನೂರು ಮೀಟರಿನಲ್ಲಿಯೂ ಚಿನ್ನದ ನಾನೂರು ಮೀಟರಿನಲ್ಲಿಯೂ ದೇವರು ಒಂದೇ ಬಗೆಯಲ್ಲಿ ಜೊತೆಗಿದ್ದನೆಂದು ನಂಬುವವನಿಗೆ ಮಾತ್ರ ಆ ಕೃತಜ್ಞತೆ ಪೂರ್ಣಾರ್ಥದಲ್ಲಿ ಸಾಧ್ಯ. ಎಲ್ಲವನ್ನೂ ದೇವರಿಗೆ ಸಲ್ಲಿಸಿದರೆ ಮನುಷ್ಯನ ಬೆವರಿಗೆ ಬೆಲೆಯೇನು ಎಂಬುದು ಎರಡನೆಯದು. ಮತ್ತಾಯನ ಸುವಾರ್ತೆಯಲ್ಲಿ ಬರುವ ತಲಾಂತುಗಳ ಸಾಮ್ಯದಲ್ಲಿ, ಒಡೆಯ ನಂಬಿ ಒಪ್ಪಿಸಿದ ಹಣವನ್ನು ದುಡಿಸದೆ ಮಣ್ಣಿನಲ್ಲಿ ಹೂತಿಟ್ಟ ಆಳು ಖಂಡನೆಗೆ ಗುರಿಯಾಗುತ್ತಾನೆ. ವರವೆಂದು ತಿಳಿದದ್ದನ್ನು ದುಡಿಸುವ ಹೊಣೆ ಸ್ವಂತದ್ದೆಂದು ತಿಳಿದದ್ದಕ್ಕಿಂತ ಹೆಚ್ಚೆಂಬುದೇ ಅದರ ಪಾಠ. ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಹರಿತ: ಕ್ಯಾಮೆರಾದ ಮುಂದೆ ಮಾಡುವ ಪ್ರಾರ್ಥನೆ ಹೊಗಳಿಕೆಯ ಇನ್ನೊಂದು ರೂಪವಾಗಬಹುದು. ಜನ ನೋಡಲೆಂದು ಬೀದಿಯ ಮೂಲೆಯಲ್ಲಿ ಪ್ರಾರ್ಥಿಸುವವರನ್ನು ಯೇಸುವೇ ಎಚ್ಚರಿಸಿರುವುದರಿಂದ, ಈ ಅಪಾಯವನ್ನು ಎಲ್ಲರಿಗಿಂತ ಮೊದಲು ಅರಿಯಬೇಕಾದವನು ಕ್ರೈಸ್ತ ಕ್ರೀಡಾಪಟುವೇ.

ಕನ್ನಡದ ಓದುಗರಿಗೆ ಈ ಚರ್ಚೆ ಹೊರಗಿನದೆನಿಸಬೇಕಾಗಿಲ್ಲ. ವಿಜಯನಗರ ಜಿಲ್ಲೆಯ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ, ದಿನಗಟ್ಟಲೆ ಉಪವಾಸವಿದ್ದ ದೈವಸೇವಕ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ನೆರೆದ ಜನಸಾಗರವನ್ನು ಸುಮ್ಮನಾಗಿಸಿ, ವರ್ಷದ ಭವಿಷ್ಯವೆಂದು ಜನ ನಂಬುವ ಒಂದೇ ಸಾಲಿನ ಕಾರಣಿಕವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಬಳಿಕ ಜನ ಚರ್ಚಿಸುವುದು ಮಳೆ ಬೆಳೆಗಳಿಗೆ ಆ ನುಡಿಯ ಅರ್ಥವೇನೆಂಬುದನ್ನು; ಆತ ಎಷ್ಟು ಚುರುಕಾಗಿ ಬಿಲ್ಲೇರಿದನೆಂಬುದು ಯಾರ ಮಾತಿಗೂ ವಸ್ತುವಾಗುವುದಿಲ್ಲ. ವಚನಕಾರರೂ ಹರಿದಾಸರೂ ತಮ್ಮ ರಚನೆಗಳ ಕೊನೆಗೆ ಸ್ವಂತ ಹೆಸರಿನ ಬದಲು ಇಷ್ಟದೈವದ ಅಂಕಿತವನ್ನಿಟ್ಟರು. ಕೂಡಲಸಂಗಮದೇವನ ಹೆಸರಿದ್ದಲ್ಲೇ ಬಸವಣ್ಣನವರ ದನಿಯನ್ನು ಕನ್ನಡಿಗರು ಗುರುತಿಸುತ್ತಾರೆ. ದೇವರಿಗೆ ಒಪ್ಪಿಸಿದ್ದರಿಂದ ಅವರ ವ್ಯಕ್ತಿತ್ವ ಅಳಿಯಲಿಲ್ಲ. ಆದರೂ ಎರಡು ಪರಂಪರೆಗಳ ನಡುವೆ ಅಂತರವಿದೆ: ನುಡಿಯುವ ಗಳಿಗೆಯಲ್ಲಿ ಗೊರವಯ್ಯ ದೈವದ ಬಾಯಿಯೆಂದೇ ಭಕ್ತರ ನಂಬಿಕೆ, ಕ್ರೈಸ್ತ ಓಟಗಾರನಾದರೋ ಕೊನೆಯ ಹೆಜ್ಜೆಯವರೆಗೂ ತಾನೇ ಓಡುತ್ತಾನೆ, ಓಡಿದ ಫಲವನ್ನು ಮಾತ್ರ ಒಪ್ಪಿಸುತ್ತಾನೆ.

ಆದ್ದರಿಂದ ದೇವರ ಮಹಿಮೆಗಾಗಿ ಆಡಿದವನನ್ನು ಗೆಲುವಿನ ನಂತರದ ಮಾತಿನಿಂದ ಅಳೆಯಲಾಗದು. ಪ್ರತಿಸ್ಪರ್ಧಿಯನ್ನು ಆತ ಹೇಗೆ ಕಂಡ, ನಿಯಮವನ್ನು ಯಾರೂ ನೋಡದಲ್ಲಿ ಹೇಗೆ ಪಾಲಿಸಿದ, ಸಂಗಾತಿಯ ಪಾಲನ್ನು ಹೇಗೆ ಒಪ್ಪಿಕೊಂಡ, ಸೋತ ದಿನ ಏನಾಗಿ ಉಳಿದ ಎಂಬಿವೇ ಅದರ ಸಾಕ್ಷ್ಯಗಳು. ತನ್ನ ಬೆಲೆ ತನ್ನ ಅಂಕಿಗಳಿಂದ ನಿರ್ಧಾರವಾಗುತ್ತದೆಂಬ ಭಯದಿಂದ ಬಿಡುಗಡೆ ಪಡೆದವನೇ ಪೂರ್ತಿ ಮನಸ್ಸಿನಿಂದ ಆಡಬಲ್ಲ. ಹಳ್ಳಿಯ ಕಬಡ್ಡಿ ಅಂಕಣದಿಂದ ವಿಶ್ವಕಪ್ಪಿನವರೆಗೆ ಎಳೆಯ ಆಟಗಾರರಿಗೆ ಹಿರಿಯರು ಕಲಿಸಬೇಕಾದದ್ದು ಈ ಬಿಡುಗಡೆಯನ್ನೇ, ಅದೂ ಮೊದಲ ಪದಕ ಕೊರಳಿಗೆ ಬೀಳುವ ಮೊದಲೇ.