ಬುತ್ತಿ ಕಟ್ಟದ ಬೀಜ

ನಾಡಿದ್ದು ಬಿತ್ತೋಣ ಎಂಬ ಮಾತು ವಿಲ್ಲೋ ಬೀಜದ ಮುಂದೆ ನಡೆಯುವುದಿಲ್ಲ.

ಕ್ರಿಕೆಟ್ ಬ್ಯಾಟಿನ ದೆಸೆಯಿಂದ ಮರದ ಹೆಸರು ನಮಗೆ ಗೊತ್ತು, ಬೀಜ ಕಂಡವರು ಕಡಿಮೆ. ಘಟ್ಟದ ಹಳ್ಳಗಳ ದಂಡೆಯಲ್ಲಿ ನಿಲ್ಲುವ ನೀರವಂಜಿಯೂ ಇದೇ ಕುಲದ್ದು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಇಂಗ್ಲೆಂಡಿನ ಹೊಳೆಬದಿಗಳಲ್ಲಿ ಬೇಸಿಗೆ ಕಾಲಿಡುವ ಹೊತ್ತಿಗೆ ಹೆಣ್ಣು ಮರದ ಪುಟ್ಟ ಕಾಯಿಗಳು ಎರಡಾಗಿ ಸೀಳಿ ಅರಳೆ ಉಕ್ಕುತ್ತದೆ. ಆ ಎಳೆಗಳ ಬುಡದಲ್ಲಿರುವ 1–2 ಮಿಲಿಮೀಟರಿನ ಚುಕ್ಕೆಯೇ ಬೀಜ. ಭೂತಗನ್ನಡಿ ಹಿಡಿದು ನೋಡಿ, ತೆಳು ಸಿಪ್ಪೆಯೊಳಗೆ ಆಗಲೇ ಹಸಿರು.

ಅವರೆ, ಹುರುಳಿಗಳು ಮೊಳಕೆಯ ಬುತ್ತಿಯನ್ನು ಬೇಳೆಯಲ್ಲೇ ಕಟ್ಟಿಕೊಂಡಿರುತ್ತವೆ. ಬೂದಿ ಬೆರೆಸಿ ಗಡಿಗೆಯಲ್ಲಿಟ್ಟರೆ ಮುಂದಿನ ಮಳೆಯವರೆಗೂ ಕಾಯುತ್ತವೆ. ವಿಲ್ಲೋ ಬೀಜಕ್ಕೆ ಬುತ್ತಿಯೇ ಇಲ್ಲವೆನ್ನಬೇಕು. ಬಹುಪಾಲು ಜಾತಿಗಳಲ್ಲಿ ಅದರ ಜೀವ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಒದ್ದೆ ಕೆಸರು ಸಿಕ್ಕಿತೋ, 12ರಿಂದ 24 ಗಂಟೆಯಲ್ಲಿ ಮೊಳೆಯುತ್ತದೆ. ಎಲ್ಲ ಅನುಕೂಲವಾಗಲಿ ಎಂದು ಕೆಲಸ ಮುಂದೂಡುವ ನನ್ನಂಥವರಿಗೆ ತುಸು ಇರಿಸುಮುರಿಸು. ಹಾಗೆಂದು ಇದನ್ನು ಧೈರ್ಯ ಎನ್ನಲೂ ಮನಸ್ಸು ಬಾರದು. ಹಾರಿಹೋದ ಬೀಜಗಳಲ್ಲಿ ಹೆಚ್ಚಿನವು ಕಲ್ಲಿನ ಮೇಲೋ ಹುಲ್ಲಿನ ಮೇಲೋ ಬಿದ್ದು ಒಣಗುತ್ತವೆ.

ಬೆಳೆಸುವವರು ಮಣ್ಣು ಮುಚ್ಚುವುದಿಲ್ಲ. ಹಸಿ ಮಣ್ಣಿನ ತಟ್ಟೆಯ ಮೇಲೆ ಅರಳೆ ಸಮೇತ ಹರಡಿ ಕೆಳಗಿನಿಂದ ನೀರುಣಿಸುತ್ತಾರೆ. ಮೊದಮೊದಲು ಬೇರು ತೀರ ನಿಧಾನ. ಅದು ಕಾಂಡಕ್ಕೆ ಕೂಡುವಲ್ಲಿ ಸುತ್ತಲೂ ಏಳುವ ಕೂದಲಿನಂಥ ಎಳೆಗಳೇ ಸಸಿಯನ್ನು ಕೆಸರಿಗೆ ಕಚ್ಚಿ ಹಿಡಿಯುತ್ತವೆ. ಹೊಳೆಯಲ್ಲಿ ನೆರೆ ಇಳಿದಂತೆ ಬೇರೂ ಇಳಿಯಬೇಕು. ನೀರು ಅವಸರದಲ್ಲಿ ಇಳಿದರೆ ಸಸಿ ಒಣಗುತ್ತದೆ, ಮತ್ತೆ ಏರಿದರೆ ಕೊಚ್ಚಿಹೋಗುತ್ತದೆ. ಅಣೆಕಟ್ಟುಗಳು ನೆರೆಯನ್ನು ತಡೆದ ಮೇಲೆ ಪಶ್ಚಿಮ ಅಮೆರಿಕದ ಹಲವು ನದಿದಂಡೆಗಳಲ್ಲಿ ಎಳೆಯ ವಿಲ್ಲೋಗಳು ಅಪರೂಪವಾಗಿವೆ.

ಇಷ್ಟೆಲ್ಲ ಯಾಕೆ, ರೆಂಬೆ ಕಡಿದು ಹಸಿ ನೆಲಕ್ಕೆ ಚುಚ್ಚಿದರೆ ಸಾಕಲ್ಲ? ನಿಜ. ಇಂಗ್ಲೆಂಡಿನ ಎಸೆಕ್ಸಿನಲ್ಲಾಗಲಿ ಕಾಶ್ಮೀರದಲ್ಲಾಗಲಿ ಬ್ಯಾಟಿನ ಮರ ಬೆಳೆಸುವುದೇ ಹಾಗೆ. ತಾಯಿಯ ಪಡಿಯಚ್ಚೇ ಬೇಕು ಅವರಿಗೆ. ಸಿಕ್ಸರ್ ಹೊಡೆಯುವವನಿಗೆ ಮರದ ಸ್ವಂತಿಕೆ ಕಟ್ಟಿಕೊಂಡು ಏನಾಗಬೇಕು! ಬೀಜದ ಸಸಿಯಾದರೋ ತಂದೆಯ ಗುಣವನ್ನೂ ಬೆರೆಸಿಕೊಂಡು ಬರುತ್ತದೆ, ಪಕ್ಕದಲ್ಲಿ ಬೇರೆ ಜಾತಿಯ ವಿಲ್ಲೋ ಇದ್ದರೆ ಅದರದ್ದೂ ಇರಬಹುದು. ಒಂದೇ ತಟ್ಟೆಯಲ್ಲಿ ಎದ್ದ ಅಕ್ಕತಂಗಿಯರಲ್ಲೇ ಒಂದರಂತೆ ಇನ್ನೊಂದಿಲ್ಲ. ಅಕ್ಕತಂಗಿಯರೋ ಅಣ್ಣತಮ್ಮಂದಿರೋ, ಅದೂ ಹೂ ಬಿಡುವ ತನಕ ನೋಡಿ ಹೇಳುವಂತಿಲ್ಲ.