ನೆಲ ಡೊಂಕೇ ಆಗಿದ್ದಾಗ

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಸೋತವರ ನೆಪವನ್ನು ಗೇಲಿ ಮಾಡಲು ನಾವು ಸಲೀಸಾಗಿ ಎಸೆಯುವ ಗಾದೆ ಇದು. ಇದರೊಳಗೆ ಒಂದು ನಂಬಿಕೆ ಕೂತಿದೆ: ನೆಲ ಎಲ್ಲರಿಗೂ ಸಮ, ಹೆಚ್ಚುಕಡಿಮೆ ಏನಿದ್ದರೂ ಕಾಲಿನದು. ಆದರೆ ನೆಲವನ್ನು ಬೇಕೆಂದೇ ಡೊಂಕು ಮಾಡಿಟ್ಟು, ಈಗ ಕುಣಿಯಿರಿ ಎನ್ನುವ ಆಟವೊಂದಿದೆ. ಅದು ಸೈಕ್ಲೋಕ್ರಾಸ್. ಫ್ರಾನ್ಸಿನಲ್ಲಿ ಹುಟ್ಟಿ, 1902ರಲ್ಲಿ ಅಲ್ಲಿಯೇ ಮೊದಲ ರಾಷ್ಟ್ರೀಯ ಸ್ಪರ್ಧೆ ಕಂಡು, ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ಬೇರೂರಿದ ಚಳಿಗಾಲದ ಸೈಕಲ್ ಪಂದ್ಯ. ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು. ಅದರಲ್ಲಿ ಹುಲ್ಲು, ಕೆಸರು, ಮರಳು, ಮೆಟ್ಟಿಲು, ಕಡಿದಾದ ಏರು, ಹಾದಿಗೆ ಅಡ್ಡವಾಗಿ ನಿಲ್ಲಿಸಿದ 40 ಸೆಂಟಿಮೀಟರ್‌ವರೆಗಿನ ಹಲಗೆಗಳು. ಸವಾರ ಓಡುತ್ತಿರುವ ಸೈಕಲ್ಲಿನಿಂದ ಇಳಿಯುತ್ತಾನೆ, ಅದನ್ನು ಹೆಗಲಿಗೇರಿಸಿ ಓಡುತ್ತಾನೆ, ಮತ್ತೆ ಹಾರಿ ಕೂರುತ್ತಾನೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ, ಅಂದರೆ ಕೆಸರಿಗೆ ಒಗ್ಗುವ ದಪ್ಪ ಟೈರು ಹಾಕಿ ಪಾರಾಗುವ ದಾರಿಯನ್ನೂ ನಿಯಮವೇ ಮುಚ್ಚಿದೆ. ಇಂಥ ಆಟದಲ್ಲಿ ಗೆದ್ದವನ ಗೆಲುವಿನಲ್ಲಿ ಅವನ ಪಾಲೆಷ್ಟು, ನೆಲದ ಪಾಲೆಷ್ಟು? ಬೇರೆ ಆಟಗಳಲ್ಲಿ ಕುಹಕವಾಗಿ ಕೇಳಿಸುವ ಈ ಪ್ರಶ್ನೆ ಇಲ್ಲಿ ಗಂಭೀರವಾದದ್ದು. ನಮ್ಮ ಹಿರಿಯರು ದೈವ ಮತ್ತು ಪುರುಷಕಾರ, ಅಂದರೆ ಮನುಷ್ಯಪ್ರಯತ್ನ, ಎಂದು ಹೆಸರಿಟ್ಟು ಬಹಳ ಕಾಲ ಜಗ್ಗಾಡಿದ್ದೂ ಇದನ್ನೇ.

ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರ ಭೀಷ್ಮನಿಗೆ ನೇರವಾಗಿ ಕೇಳುತ್ತಾನೆ: ದೈವ ದೊಡ್ಡದೋ, ಪುರುಷಕಾರ ದೊಡ್ಡದೋ? ಭೀಷ್ಮ ಬ್ರಹ್ಮ ವಸಿಷ್ಠರ ಸಂವಾದವೊಂದನ್ನು ನೆನೆದು ಉತ್ತರ ಕೊಡುತ್ತಾನೆ. ಅದರಲ್ಲಿ ಹೊಲ ಮತ್ತು ಬೀಜದ ಮಾತು ಬರುತ್ತದೆ. ಯಾವ ರೈತನನ್ನು ಕೇಳಿದರೂ ಹೊಲ ದೈವ ಕೊಟ್ಟದ್ದು, ಬಿತ್ತುವುದು ನಮ್ಮ ಕೆಲಸ ಎಂದಾನು. ಭೀಷ್ಮ ಹೇಳುವುದು ತಿರುವುಮುರುವಾಗಿ: ಹೊಲವೇ ಪುರುಷಕಾರ, ಬೀಜ ದೈವ, ಎರಡೂ ಕೂಡಿದರೆ ಬೆಳೆ. ಓದಿದ ತಕ್ಷಣ ಪ್ರತಿ ಮಾಡಿದವನ ಕೈತಪ್ಪೇನೋ ಎಂದು ಅನುಮಾನ ಬರುವಷ್ಟು ವಿಚಿತ್ರವಾದ ಮಾತು. ಆದರೆ ಅದು ಸರಿಯಾದ ಮಾತು ಎಂಬುದು ನನ್ನ ವಾದ. ನಮಗೆ ಒದಗಿಬಂದ ನೆಲ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರ ಬಹುಪಾಲು ಯಾರೋ ಮಾಡಿದ್ದು. ಕೆಲವೊಮ್ಮೆ ನಾವೇ ಮಾಡಿ ಮರೆತದ್ದು. ಸೈಕ್ಲೋಕ್ರಾಸ್‌ನಲ್ಲಿ, ಅದರಲ್ಲೂ ಹವ್ಯಾಸಿಗಳ ಪಂದ್ಯದಲ್ಲಿ, ಈ ಮಾಡುವಿಕೆ ಕಣ್ಣೆದುರಿಗೇ ನಡೆಯುತ್ತದೆ.

ಮೊದಲು ನೆಲಗಳನ್ನೇ ನೋಡೋಣ. ಬೆಲ್ಜಿಯಂನ ಕೊಕ್ಸೈಡೆ ಉತ್ತರ ಸಮುದ್ರದ ದಂಡೆಯ ಊರು. ಅಲ್ಲಿನ ಪಂದ್ಯ ನಡೆಯುವುದು ಮರಳುದಿಬ್ಬಗಳ ಮೇಲೆ. ಮರಳಿನಲ್ಲಿ ಸೈಕಲ್ ಹೊಡೆಯಬೇಕಾದರೆ ರಸ್ತೆಯಲ್ಲಿ ಕಲಿತದ್ದನ್ನೆಲ್ಲ ಮರೆಯಬೇಕು. ಮುಂದಿನ ಚಕ್ರ ಅತ್ತಿತ್ತ ಹೊರಳಿದಾಗ ಕೈ ತಾನಾಗಿಯೇ ಹ್ಯಾಂಡಲ್ಲನ್ನು ಬಿಗಿಹಿಡಿದು ನೇರ ಮಾಡಲು ಹೋಗುತ್ತದೆ. ಹಾಗೆ ಮಾಡಿದ ಕೂಡಲೇ ಚಕ್ರ ಅಡ್ಡಡ್ಡ ಹೂತು ಸವಾರ ಮುಗ್ಗರಿಸುತ್ತಾನೆ. ಮೈಭಾರ ಹಿಂದಕ್ಕೆ ಸರಿಸಿ, ಕೈ ಸಡಿಲ ಬಿಟ್ಟು, ತುಳಿಯುವುದನ್ನು ಮಾತ್ರ ನಿಲ್ಲಿಸದೆ, ಚಕ್ರ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಲು ಬಿಡಬೇಕು. ಬೆಲ್ಜಿಯಂನದೇ ಆದ ನಾಮೂರ್‌ನ ಕೋಟೆಗುಡ್ಡದಲ್ಲಿ ಪಾಠವೇ ಬೇರೆ. ಅಲ್ಲಿ ಹಾದಿ ಗುಡ್ಡದ ಪಕ್ಕೆಯಲ್ಲಿ ಓರೆಯಾಗಿ ಹಾಯುತ್ತದೆ. ನೆಲ ಸವಾರನನ್ನು ಸದಾ ಕೆಳಕ್ಕೆ ಜಾರಿಸಲು ನೋಡುತ್ತಿರುತ್ತದೆ, ಗಾಬರಿಯಲ್ಲಿ ಬ್ರೇಕ್ ಒತ್ತಿದವನು ಜಾರಿದ ಎಂದೇ ಲೆಕ್ಕ. ಇಟಲಿಯ ವಾಲ್ ದಿ ಸೋಲೆಯಲ್ಲಿ 2021ರ ಡಿಸೆಂಬರಿನಲ್ಲಿ ವಿಶ್ವಕಪ್ ಪಂದ್ಯವೊಂದು ಹಿಮದ ಮೇಲೆಯೇ ನಡೆಯಿತು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 1961ರಲ್ಲಿ ಆರಂಭವಾದ ತ್ರೀ ಪೀಕ್ಸ್ ಪಂದ್ಯದಲ್ಲಂತೂ ಮೂರು ಬೆಟ್ಟ ಹತ್ತಿಳಿಯಬೇಕು, ಸುಮಾರು 61 ಕಿಲೋಮೀಟರ್. ಸೈಕಲ್ ನಿಮ್ಮನ್ನು ಹೊತ್ತದ್ದು ಎಷ್ಟು, ನೀವು ಅದನ್ನು ಹೊತ್ತದ್ದು ಎಷ್ಟು ಎಂಬ ಲೆಕ್ಕ ಅಲ್ಲಿ ಸುಲಭವಲ್ಲ. ಹವ್ಯಾಸಿಗಳಲ್ಲಿ ಹೆಚ್ಚಿನವರ ಪಾಲಿಗೆ ಬರುವುದು ಇಷ್ಟು ಹೆಸರಾದ ನೆಲವಲ್ಲ, ಊರಿನ ಉದ್ಯಾನವನವೋ ಶಾಲೆಯ ಮೈದಾನವೋ. ಅಲ್ಲಿ ಕೆಸರೇ ಮುಖ್ಯ ಗುರು. ಕೆಸರಿನಲ್ಲೂ ಜಾತಿಗಳಿವೆ. ಸುರಿವ ಮಳೆಯ ತೆಳು ಕೆಸರು ಮೈಗೆಲ್ಲ ಸಿಡಿಯುತ್ತದೆ, ನೋಡಲು ಭಯಂಕರ, ಆದರೆ ಚಕ್ರಕ್ಕೆ ಅಷ್ಟಾಗಿ ಅಂಟುವುದಿಲ್ಲ. ಮಳೆ ನಿಂತು ಅರೆ ಒಣಗಿದ, ಹುಲ್ಲಿನ ಚೂರು ಬೆರೆತ ಅಂಟುಕೆಸರು ಇದೆಯಲ್ಲ, ಅದು ಬ್ರೇಕಿನ ಸಂದಿಗೂ ಗೇರಿನ ಹಲ್ಲಿಗೂ ಮೆತ್ತಿಕೊಂಡು, ಒಂದು ಸುತ್ತು ಮುಗಿಯುವಷ್ಟರಲ್ಲಿ ಚಕ್ರ ತಿರುಗದಂತೆ ಮಾಡುತ್ತದೆ. ಬಿಸಿಲು ಬಂತು ಎಂದು ಖುಷಿಪಟ್ಟವರು ಕೆಟ್ಟರು.

ಹವ್ಯಾಸಿಗಳ ಪಂದ್ಯದ ದಿನ ಒಂದೇ ಸುತ್ತಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಲವು ವರ್ಗಗಳ ಓಟ ನಡೆಯುತ್ತದೆ: ಮಕ್ಕಳು, ಹೊಸಬರು, ವಯಸ್ಸಾದವರು, ಹೆಂಗಸರು, ಪಳಗಿದವರು. ಒಂದೊಂದು ಓಟಕ್ಕೂ ಅರ್ಧದಿಂದ ಮುಕ್ಕಾಲು ಗಂಟೆ. ಬೆಳಗಿನ ಮೊದಲ ಓಟದವರಿಗೆ ನೆಲ ಹಿಮಗಟ್ಟಿ ಬಿರುಸಾಗಿ ಸಿಗಬಹುದು. ಮಧ್ಯಾಹ್ನಕ್ಕೆ ಅದು ಕರಗಿರುತ್ತದೆ. ತಿರುವುಗಳಲ್ಲಿ ನೂರಾರು ಚಕ್ರಗಳು ಕೊರೆದ ಜಾಡುಗಳು ಆಳವಾಗಿರುತ್ತವೆ. ಈಗ ಬಂದ ಸವಾರ ತಿರುವಿನಲ್ಲಿ ತನ್ನಿಷ್ಟದ ದಾರಿ ಹಿಡಿಯುವಂತಿಲ್ಲ. ಚಕ್ರ ಜಾಡಿಗೆ ಬಿತ್ತೆಂದರೆ ಜಾಡು ಒಯ್ದಲ್ಲಿಗೆ ಹೋಗಬೇಕು. ಅವನ ಮಟ್ಟಿಗೆ ಅದು ದೈವ, ಅದನ್ನು ಅವನು ಆರಿಸಿಕೊಂಡಿಲ್ಲ, ಅಳಿಸಲಾರ. ಆದರೆ ಆ ಜಾಡಿನ ಒಂದೊಂದು ಅಂಗುಲವೂ ಬೆಳಗಿನಿಂದ ಯಾರೋ ತುಳಿದ ತುಳಿತ. ಐದನೆಯ ಸುತ್ತಿನಲ್ಲಿ ಅವನನ್ನು ಬೀಳಿಸುವ ಜಾಡಿಗೆ ಮೊದಲ ಸುತ್ತಿನಲ್ಲಿ ಅವನದೇ ಚಕ್ರ ಒಂದಿಷ್ಟು ಆಳ ಕೊಟ್ಟಿರುತ್ತದೆ. ಓಟ ಶುರುವಾಗುವಾಗ ನಿಲ್ಲುವ ಸಾಲಿನದೂ ಇದೇ ಕಥೆ. ಮೂರು ಮೀಟರ್ ಅಗಲದ ಹಾದಿಗೆ ಐವತ್ತು ಅರವತ್ತು ಜನ ಒಟ್ಟಿಗೆ ನುಗ್ಗುವಾಗ ಮುಂದಿನ ಸಾಲಿನವನಿಗೆ ಮೊದಲ ತಿರುವು ಖಾಲಿ, ಹಿಂದಿನವನಿಗೆ ಗುಂಪಿನ ಗೋಡೆ. ಮುಂದಿನ ಸಾಲು ಸಾಮಾನ್ಯವಾಗಿ ಹಿಂದಿನ ಪಂದ್ಯಗಳ ಅಂಕಗಳಿಂದ ಸಿಗುತ್ತದೆ, ಕೆಲವೆಡೆ ಮೊದಲು ಹೆಸರು ನೋಂದಾಯಿಸಿದವರಿಗೆ. ನಿನ್ನೆಯ ಪ್ರಯತ್ನ ಇವತ್ತಿನ ಅದೃಷ್ಟವಾಗಿ ಬಂದು ನಿಂತಿದೆ. ಯೋಗವಾಸಿಷ್ಠದ ಮುಮುಕ್ಷು ವ್ಯವಹಾರ ಪ್ರಕರಣದಲ್ಲಿ ವಸಿಷ್ಠರು ರಾಮನಿಗೆ ಹೇಳುವುದೂ ಇದನ್ನೇ: ದೈವವೆಂಬ ಬೇರೆ ವಸ್ತು ಇಲ್ಲ, ಹಿಂದಿನ ಪೌರುಷವೇ ಇಂದು ದೈವವೆನಿಸಿಕೊಳ್ಳುತ್ತದೆ, ಹಿಂದಿನದೂ ಇಂದಿನದೂ ಎರಡು ಟಗರುಗಳಂತೆ ಕಾದಾಡುತ್ತವೆ. ಅವರು ಹೆಚ್ಚಾಗಿ ಒಬ್ಬನದೇ ಹಿಂದಿನ ಪ್ರಯತ್ನವನ್ನು ಗಮನದಲ್ಲಿಟ್ಟು ಹೇಳಿದ್ದನ್ನು ಕೆಸರಿನ ನೆಲ ಎಲ್ಲರಿಗೂ ಹಂಚುತ್ತದೆ. ಇಲ್ಲಿ ಎದುರು ನಿಂತ ಟಗರು ಊರಿಗೆ ಊರೇ ಸಾಕಿದ್ದು.

ಇದಕ್ಕೆ ಮೊದಲ ಆಕ್ಷೇಪ ಬರುವುದು ಸಾಮರ್ಥ್ಯವನ್ನು ನಂಬುವವರಿಂದ. ನೆಲ ಅಷ್ಟು ಮುಖ್ಯವಾದರೆ ಬೇರೆ ಬೇರೆ ನೆಲಗಳಲ್ಲಿ ಒಬ್ಬರೇ ಗೆಲ್ಲುವುದು ಹೇಗೆ? ನೆದರ್ಲೆಂಡ್ಸ್‌ನ ಮರಿಯಾನೆ ವೋಸ್ 2012ರಲ್ಲಿ ಕೊಕ್ಸೈಡೆಯ ಮರಳಿನಲ್ಲಿ ವಿಶ್ವ ಚಾಂಪಿಯನ್, 2013ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಚಾಂಪಿಯನ್, 2022ರಲ್ಲಿ ಫಯೆಟ್‌ವಿಲ್‌ನಲ್ಲಿ ಎಂಟನೆಯ ಬಾರಿ ಚಾಂಪಿಯನ್. ನೆಲದ ಕೆಳಗೆ, ನೆಲಕ್ಕೆ ಸಂಬಂಧವಿಲ್ಲದ ಒಂದು ಶುದ್ಧ ಶಕ್ತಿ ಇದೆ ಎಂದಲ್ಲವೇ ಇದರ ಅರ್ಥ? ಅಲ್ಲ ಎನ್ನುತ್ತೇನೆ. ಮರಳಿನಲ್ಲಿ ಕೈ ಸಡಿಲ ಬಿಡುವುದು, ಓರೆಯಲ್ಲಿ ಬ್ರೇಕ್ ಮುಟ್ಟದಿರುವುದು, ಕೆಸರು ಕಂಡಾಗ ಟೈರಿನ ಗಾಳಿ ಎಷ್ಟು ಇಳಿಸಬೇಕೆಂದು ಅರಿಯುವುದು, ಏರಿನಲ್ಲಿ ತುಳಿಯುವುದು ಸಾಕು, ಇನ್ನು ಇಳಿದು ಓಡುವುದೇ ಬೇಗ ಎಂದು ಅರೆಕ್ಷಣದಲ್ಲಿ ನಿರ್ಧರಿಸುವುದು: ಇವನ್ನೆಲ್ಲ ತೆಗೆದುಹಾಕಿದರೆ ವೋಸ್‌ಳ ಸಾಮರ್ಥ್ಯದಲ್ಲಿ ಉಳಿಯುವುದು ಪ್ರಯೋಗಾಲಯದ ಯಂತ್ರದ ಮೇಲೆ ಅಳೆಯಬಹುದಾದ ಕಾಲಿನ ಬಲ ಮಾತ್ರ. ಆ ಬಲ ಬೇಕು, ಆದರೆ ಅದಕ್ಕೆ ಯಾರೂ ಪದಕ ಕೊಡುವುದಿಲ್ಲ. ಎಲ್ಲ ನೆಲದಲ್ಲೂ ಗೆದ್ದವಳು ಎಲ್ಲ ನೆಲದ ಮಾತನ್ನೂ ಕೇಳಬಲ್ಲವಳು. ಅದೇ 2012ರ ಕೊಕ್ಸೈಡೆಯಲ್ಲಿ ಪುರುಷರ ಓಟದ ಮೊದಲ ಏಳು ಸ್ಥಾನಗಳೂ ಬೆಲ್ಜಿಯಂ ಪಾಲಾದವು. ಅದನ್ನು ರಕ್ತದ ಗುಣ ಎನ್ನುವವರು ಎನ್ನಲಿ. ಚಿಕ್ಕಂದಿನಿಂದ ಆ ಮರಳು, ಆ ಕ್ಲಬ್ಬುಗಳು, ವಾರವಾರದ ಪಂದ್ಯಗಳು ಇದ್ದ ನಾಡು ಅದು. ಹೊಲ ಯಾರು ಉತ್ತರು ಎಂದು ಕೇಳಿದರೆ ಉತ್ತರ ಅಲ್ಲೇ ಇದೆ. ಹಾಗಾಗಿ ಒಳ್ಳೆಯ ನೆಲ ಸಿಕ್ಕಿದ್ದರೆ ನಾನು ಯಾರೆಂದು ತೋರಿಸುತ್ತಿದ್ದೆ ಎನ್ನುವ ಮಾತಿಗೆ ನನ್ನ ದೃಷ್ಟಿಯಲ್ಲಿ ಅರ್ಥವೇ ಇಲ್ಲ. ಅದು ಸುಳ್ಳೆಂದಲ್ಲ, ನೆಲಕ್ಕೆ ಮುಂಚೆಯೇ ಸಿದ್ಧವಾಗಿ ಕೂತ ಆ ‘ನಾನು’ ಎಲ್ಲೂ ಇಲ್ಲ.

ಎರಡನೆಯ ಆಕ್ಷೇಪ ಎದುರು ದಿಕ್ಕಿನದು: ಎಲ್ಲವನ್ನೂ ಯಾರದೋ ಪ್ರಯತ್ನ ಎನ್ನುತ್ತೀರಿ, ಬರೀ ಅದೃಷ್ಟ ಎಂಬುದು ಇಲ್ಲವೇ? ಇದೆ. 2017ರ ವಿಶ್ವ ಚಾಂಪಿಯನ್‌ಷಿಪ್ ಲಕ್ಸೆಂಬರ್ಗಿನ ಬೀಲ್ಸ್‌ನಲ್ಲಿ ನಡೆದಾಗ ಚೂಪು ಕಲ್ಲುಗಳ ನೆಲದಲ್ಲಿ ಹಲವರ ಟೈರುಗಳು ಹೋದವು; ಮಾಥ್ಯೂ ವಾನ್ ಡರ್ ಪೂಲ್ ಮತ್ತೆ ಮತ್ತೆ ಪಂಕ್ಚರಾಗಿ ಸೋತ, ವೌಟ್ ವಾನ್ ಆರ್ಟ್ ಗೆದ್ದ. ಟೈರು, ಗಾಳಿ, ಹಾದಿಯ ಆಯ್ಕೆ ಸವಾರನವೇ, ನಿಜ. ಆದರೂ ಒಂದೇ ಗಾಳಿ, ಒಂದೇ ಹಾದಿಯ ಇಬ್ಬರಲ್ಲಿ ಒಬ್ಬನಿಗೆ ಕಲ್ಲು ತಾಗಿ ಇನ್ನೊಬ್ಬನಿಗೆ ತಾಗದಿದ್ದಾಗ ಪೌರುಷದ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ವಸಿಷ್ಠರು ಇಲ್ಲಿಯೂ ಪಟ್ಟು ಬಿಡದೆ ಕಾಣದ ಹಿಂದಿನ ಕರ್ಮವೊಂದನ್ನು ಊಹಿಸುತ್ತಿದ್ದರು. ನಾನು ಅಷ್ಟು ದೂರ ಹೋಗಲಾರೆ. ಕಾಣುವ ಕಾರಣಗಳಿಂದ ಹೊರಟ ವಾದ ಕಾಣದ ಕಾರಣವನ್ನು ಸಾಲ ತಂದರೆ, ಬಿದ್ದವನ ತಲೆಗೇ ಬಿದ್ದ ತಪ್ಪನ್ನು ಕಟ್ಟುವ ಕ್ರೌರ್ಯಕ್ಕೆ ಬಾಗಿಲು ತೆರೆಯುತ್ತದೆ. ಭೀಷ್ಮನ ಲೆಕ್ಕವೇ ಹೆಚ್ಚು ಹದವಾದದ್ದು: ಬೀಜಕ್ಕೆ ಒಂದು ಪಾಲು ಇಟ್ಟಿದ್ದಾನೆ. ಮಳೆ ಯಾವಾಗ ಬಂತು, ಕಲ್ಲು ಯಾರಿಗೆ ತಾಗಿತು ಎಂಬುದು ಆ ಪಾಲಿಗೆ ಹೋಗಲಿ.

ಮೂರನೆಯದು ಗಟ್ಟಿ ಆಕ್ಷೇಪ. ಇದು ಆಟ, ಬೇಡವೆಂದರೆ ಸೈಕಲ್ ತೊಳೆದು ಮನೆಗೆ ಹೋಗಬಹುದು. ಬೇಡದ ಅಡ್ಡಿಗಳನ್ನು ಬೇಕೆಂದೇ ಒಪ್ಪಿಕೊಂಡು ದಾಟುವುದೇ ಆಟ ಎಂದು ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಬಂದ ತನ್ನ ಪುಸ್ತಕದಲ್ಲಿ ವಾದಿಸಿದ್ದ. ಬದುಕಿನ ಡೊಂಕುನೆಲವನ್ನು ಯಾರೂ ಒಪ್ಪಿ ಪಡೆದಿಲ್ಲ. ಬಡತನವನ್ನೂ ಜಾತಿಯನ್ನೂ ಕೆಸರಿನ ಪಂದ್ಯದೊಡನೆ ಇಟ್ಟು ನೋಡುವುದು ಅವಮಾನವಲ್ಲವೇ? ಹೋಲಿಕೆ ಇಲ್ಲಿ ಕುಂಟುತ್ತದೆ, ಒಪ್ಪಿದೆ. ಆದರೆ ಅದು ಕುಂಟುವುದು ನನ್ನ ವಾದದ ಪರವಾಗಿಯೇ. ಆಟದೊಳಗೂ ನೆಲ ಎಲ್ಲರಿಗೂ ಒಂದೇ ಅಲ್ಲ. ವೃತ್ತಿಪರನಿಗೆ ಪಿಟ್ ಎಂಬ ಸೈಕಲ್ ಬದಲಿಸುವ ಜಾಗದಲ್ಲಿ ತೊಳೆದಿಟ್ಟ ಎರಡನೆಯ ಸೈಕಲ್ ಕಾದಿರುತ್ತದೆ, ಕೊಳಕಾದದ್ದನ್ನು ಕೊಟ್ಟು ಅದನ್ನು ಹತ್ತಿದರಾಯಿತು, ಮುಂದಿನ ಬಾರಿ ಬರುವಷ್ಟರಲ್ಲಿ ಮೆಕ್ಯಾನಿಕ್ ಮೊದಲನೆಯದನ್ನು ತೊಳೆದಿಟ್ಟಿರುತ್ತಾನೆ. ಒಂದೇ ಸೈಕಲ್ ಇರುವ ಹವ್ಯಾಸಿ ಅದೇ ಅಂಟುಕೆಸರನ್ನು ಬೆರಳಿನಿಂದ ಕೆತ್ತಿ ತೆಗೆಯಬೇಕು. ಇದನ್ನು ವಿಧಿ ಎಂದು ಯಾರೂ ಕರೆಯುವುದಿಲ್ಲ, ದುಡ್ಡು ಎನ್ನುತ್ತಾರೆ. ಆಯೋಜಕರು ಗೂಟ ನೆಟ್ಟು ಪಟ್ಟಿ ಕಟ್ಟಿ ಹಾದಿ ಬರೆದಾಗ ಅದು ಕೆಟ್ಟ ಹಾದಿಯಾದರೆ ಸವಾರರು ಅವರನ್ನೇ ಬಯ್ಯುತ್ತಾರೆ; ಆಕಾಶದ ಕಡೆ ನೋಡುವುದಿಲ್ಲ. ಬದುಕಿನ ನೆಲದ ವಿಷಯದಲ್ಲಿ ನಾವು ಕಳೆದುಕೊಂಡಿರುವುದು ಈ ಸಹಜ ಸಿಟ್ಟನ್ನು. ಗೂಟ ನೆಟ್ಟವರು ಕಾಣದಷ್ಟು ಹಿಂದಿದ್ದಾರೆ ಎಂಬ ಒಂದೇ ಕಾರಣಕ್ಕೆ ಅವರ ಕೆಲಸಕ್ಕೆ ದೈವದ ಹೆಸರು ಬಂದಿದೆ. ಹೊಲ ಪುರುಷಕಾರ ಎಂದ ಮೇಲೆ ಉತ್ತವನ ಹೆಸರು ಕೇಳುವ ಹಕ್ಕೂ ಬರುತ್ತದೆ, ಈಗ ಉಳುತ್ತಿರುವವನು ಉತ್ತರ ಕೊಡಬೇಕಾದ ಹೊಣೆಯೂ ಬರುತ್ತದೆ.

ಈ ಹೊಣೆ ಪಂದ್ಯಕ್ಕೆ ಬಂದವರಲ್ಲಿಗೇ ಮುಗಿಯುವುದೂ ಇಲ್ಲ. 2015ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಸೈಕ್ಲೋಕ್ರಾಸ್ ಪಂದ್ಯಗಳು ಟೆಕ್ಸಸ್‌ನ ಆಸ್ಟಿನ್ ನಗರದ ಜಿಲ್ಕರ್ ಉದ್ಯಾನದಲ್ಲಿ ನಡೆದವು. ಮಳೆ ಹಿಡಿಯಿತು, ನೆಲ ನೆನೆದು ಚಕ್ರಗಳು ಆಳಕ್ಕೆ ಕೊರೆಯತೊಡಗಿದವು. ಭಾನುವಾರ, ಮುಖ್ಯ ಓಟಗಳ ದಿನವೇ, ಹಳೆಯ ಮರಗಳ ಬೇರಿಗೆ ಪೆಟ್ಟಾಗುತ್ತದೆ ಎಂದು ನಗರದವರು ಪಂದ್ಯ ನಿಲ್ಲಿಸಿದರು. ವಿಮಾನ ಹತ್ತಿ ಬಂದವರು ಕೂಗಾಡಿದರು. ಉಳಿದ ಓಟಗಳು ಸೋಮವಾರಕ್ಕೆ ಹೋದವು. ಕೆಲವರಿಗೆ ಅದು ಅಧಿಕಾರಿಗಳ ಅತಿರೇಕವಾಗಿ ಕಂಡಿತು, ಮರಗಳಿಗೆ ನಿಜವಾಗಿ ಎಷ್ಟು ಅಪಾಯವಿತ್ತು ಎಂದು ವಾದಿಸಬಹುದು. ಆದರೆ ಮಳೆಯನ್ನು ದೈವಕ್ಕೆ ಬಿಟ್ಟುಕೊಟ್ಟ ಮೇಲೂ ಆ ದಿನ ಎದುರಿಗೆ ಉಳಿದ ಪ್ರಶ್ನೆ ಮನುಷ್ಯರದೇ ಆಗಿತ್ತು: ನಾವು ಈಗ ಕೊರೆಯುವ ಜಾಡು ನಾಳೆ ಯಾರ ಪಾಲಿನ ನೆಲ? ಮರಕ್ಕೆ ಸೈಕಲ್ಲಿನ ಚಕ್ರ ಎಲ್ಲಿಂದಲೋ ಬಂದೆರಗಿದ ವಿಧಿ. ಸವಾರನಿಗೆ ಹಾಗೆನ್ನುವ ಅನುಕೂಲ ಇಲ್ಲ, ತುಳಿಯುತ್ತಿದ್ದವನು ಅವನೇ.