ನಾಳಿಗಿ ಬರಬೇಕೋ ಬ್ಯಾಡೋ

ಕನ್ನಡದಲ್ಲಿ 'ಇಸು' ಎಂಬ ಪುಟ್ಟ ಪ್ರತ್ಯಯವೊಂದಿದೆ. ಮಾಡು, ಮಾಡಿಸು. ಕಟ್ಟು, ಕಟ್ಟಿಸು. ಕೈಯಾರೆ ಕೆಲಸ ಮಾಡಿದವರು ಯಾರು, ದುಡ್ಡು ಕೊಟ್ಟು ಮಾಡಿಸಿದವರು ಯಾರು ಎಂಬುದನ್ನು ಅದು ಮುಲಾಜಿಲ್ಲದೆ ಬೇರೆ ಮಾಡಿಬಿಡುತ್ತದೆ. ಶಾಲೆಯಲ್ಲಿ ನಮ್ಮನ್ನು ಕೇಳುತ್ತಿದ್ದುದು 'ತಾಜ್ ಮಹಲ್ ಕಟ್ಟಿಸಿದವರು ಯಾರು' ಎಂದು. 'ಕಟ್ಟಿದವರು ಯಾರು' ಎಂದು ಕೇಳಿದ್ದರೆ ಮೇಷ್ಟರೂ ತಡವರಿಸುತ್ತಿದ್ದರು. ಆದರೆ ನಮ್ಮ ಭಾಷೆಯೂ ಸಮಯ ನೋಡಿ ಜಾರಿಕೊಳ್ಳುತ್ತದೆ. 'ಮನೆ ಕಟ್ಟಿ ನೋಡು' ಎಂಬ ಗಾದೆಯನ್ನು ನಿಟ್ಟುಸಿರಿನೊಂದಿಗೆ ಹೇಳುವವರಲ್ಲಿ ಕರಣೆ ಹಿಡಿದವರನ್ನು ನಾನು ಕಂಡಿಲ್ಲ. ಅಲ್ಲಿ 'ಇಸು' ಸದ್ದಿಲ್ಲದೆ ಬಿದ್ದುಹೋಗಿದೆ.

ಹೋದ ವರ್ಷ ಪುಣೆಯ ನಮ್ಮ ಫ್ಲ್ಯಾಟಿನ ಅಡುಗೆಮನೆಯನ್ನು ಕಾಂಟ್ರಾಕ್ಟರ್ ಇಲ್ಲದೆ 'ನಾವೇ' ಹೊಸದು ಮಾಡಿಕೊಂಡೆವು. ಹತ್ತಡಿ ಎಂಟಡಿಯ ಜಾಗ, ಹದಿನಾಲ್ಕು ವರ್ಷ ಹಳೆಯ ಓಟಾ. ಅಡುಗೆಕಟ್ಟೆಗೆ ಇಲ್ಲಿಯ ಮರಾಠಿಯಲ್ಲಿ ಓಟಾ ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲೂ ಅದೇ ಮಾತು ನಿಂತುಹೋಗಿದೆ. ಕಾಂಟ್ರಾಕ್ಟರ್ ಕೊಟ್ಟ ಅಂದಾಜು 5,20,000 ರೂಪಾಯಿ. ನನ್ನ ಎಕ್ಸೆಲ್ ಶೀಟ್ ಹೇಳಿದ್ದು 3,90,000. ನಡುವಿನ 1,30,000 ರೂಪಾಯಿಯೇ 'ನಾವೇ' ಎಂಬ ಮಾತಿನ ಬೆಲೆ.

ಈ 'ನಾವೇ' ಎಂದರೇನು? ನಮ್ಮ ಕೈಯಿಂದ ಆದದ್ದು ಇಷ್ಟು: ಹಳೆಯ ಕಪಾಟಿನ ಬಾಗಿಲುಗಳನ್ನು ಬಿಚ್ಚಿದ್ದು, ಗೋಡೆಗೆ ಎರಡು ಕೋಟ್ ಬಣ್ಣ ಹೊಡೆದದ್ದು, ಹಿಡಿಕೆಗಳನ್ನು ಕೂರಿಸಿದ್ದು, ಸಿಂಕಿನ ಸುತ್ತ ಸಿಲಿಕೋನ್ ತುಂಬಿದ್ದು. ಉಳಿದದ್ದೆಲ್ಲ ಗೌಂಡಿ, ಅವರ ಬಿಗಾರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಗ್ರಾನೈಟ್ ಕತ್ತರಿಸುವವ ಮತ್ತು ಅವನ ತಮ್ಮ, ಈ ಏಳು ಜನರ ಕೈಕೆಲಸ. ರಜಾದಿನದಲ್ಲಿ ಡ್ರಿಲ್ ಕೊಂಡು ತಾವೇ ಟೈಲ್ಸ್ ಹಾಕಿಕೊಳ್ಳುವ ದೇಶಗಳಲ್ಲಿ ಈ ಮಾತಿಗೆ ಬೇರೆ ಅರ್ಥವಿರಬಹುದು. ನಮ್ಮ ನಗರಗಳಲ್ಲಿ 'ನಾವೇ ಮಾಡಿದೆವು' ಎಂದರೆ ಹೆಚ್ಚಿನಂಶ 'ನಡುವಿನವನನ್ನು ತೆಗೆದು ನೇರವಾಗಿ ಮಾಡಿಸಿದೆವು' ಎಂದರ್ಥ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ನಡುವಿನವನನ್ನು ತೆಗೆದಾಗ ಅವನ ಲಾಭ ನಮ್ಮ ಜೇಬಿಗೆ ಬಂತು ಸರಿ, ಅವನ ಹೊಣೆ ಎಲ್ಲಿಗೆ ಹೋಯಿತು? ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಇದು.

ಅಡುಗೆಮನೆಯ ಕೆಲಸ ಸಾಫ್ಟ್‌ವೇರಿಗಿಂತ ಕಟ್ಟುನಿಟ್ಟು. ಒಡೆಯುವುದು ಮುಗಿಯದೆ ಪೈಪ್ ಇಲ್ಲ, ಪೈಪಿನ ಒತ್ತಡ ಪರೀಕ್ಷೆಯಾಗದೆ ಪ್ಲಾಸ್ಟರ್ ಇಲ್ಲ, ವಾಟರ್‌ಪ್ರೂಫಿಂಗ್ ಮಾಡಿ ನೀರು ನಿಲ್ಲಿಸಿ ನೋಡದೆ ಟೈಲ್ಸ್ ಇಲ್ಲ. ಸಿಂಕ್ ಕೈಗೆ ಬರದೆ ಗ್ರಾನೈಟಿನಲ್ಲಿ ತೂತು ಕೊರೆಯುವಂತಿಲ್ಲ. ಕ್ಯಾಟಲಾಗಿನ ಅಳತೆ ನಂಬಿ ಕೊರೆಸಿದವರ ಕಥೆಗಳನ್ನು ನಮ್ಮ ಸೊಸೈಟಿಯ ಲಿಫ್ಟಿನಲ್ಲೇ ಕೇಳಬಹುದು. ಸೊಸೈಟಿಯ ನಿಯಮಗಳು ಬೇರೆ: ಒಡೆಯುವ, ಕೊರೆಯುವ ಸದ್ದು ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 4ರಿಂದ 6, ಭಾನುವಾರ ಇಲ್ಲವೇ ಇಲ್ಲ. ಹೀಗೆ ಒಂದರ ಕೊರಳಿಗೆ ಇನ್ನೊಂದನ್ನು ಕಟ್ಟಿಕೊಂಡ ಕೆಲಸಗಳನ್ನು ಗ್ಯಾಂಟ್ ಚಾರ್ಟಿನಲ್ಲಿ ಪಟ್ಟಿಪಟ್ಟಿಯಾಗಿ ಹಾಸುವುದು ನನ್ನ ಹೊಟ್ಟೆಪಾಡು. 24 ದಿನಗಳ ಪ್ಲಾನ್ ಒಂದೇ ಸಂಜೆಯಲ್ಲಿ ಸಿದ್ಧವಾಯಿತು. ಬಫರ್ ಕೂಡ ಇಟ್ಟಿದ್ದೆ.

ಆ ಬಫರ್ ಎಂಬ ಮಾತಿನಲ್ಲೇ ಇರುವುದು ನನ್ನ ತಕರಾರು. ಆಫೀಸಿನಲ್ಲಿ ಬಫರ್ ಎಂದರೆ ಎರಡು ಪಟ್ಟಿಗಳ ನಡುವಿನ ಬಿಳಿ ಜಾಗ. ಟೈಲ್ಸ್ ಎರಡು ದಿನ ತಡವಾದರೆ ಪಟ್ಟಿಯನ್ನು ಮೌಸಿನಲ್ಲಿ ಹಿಡಿದು ಎರಡು ಚೌಕ ಬಲಕ್ಕೆ ಎಳೆದರಾಯಿತು. ಮನೆಯಲ್ಲಿ ಆ ಬಿಳಿ ಜಾಗದೊಳಗೆ ಒಬ್ಬ ಮನುಷ್ಯ ನಿಂತಿರುತ್ತಾನೆ.

ನಮ್ಮ ಗೌಂಡಿ ಕಲಬುರಗಿ ಜಿಲ್ಲೆಯವರು. ಪುಣೆಯ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕೈಗಳು ಎಷ್ಟಿವೆ ಎಂಬುದು ಇಲ್ಲಿ ಬದುಕುವ ಕನ್ನಡಿಗರಿಗೆ ಗೊತ್ತು. ಹೆಡ್ ಆಫೀಸಿನ ಗಾಜಿನ ಹಿಂದಿರುವ ಕನ್ನಡಕ್ಕಿಂತ ಪರಾಂಚಿಯ ಮೇಲಿರುವ ಕನ್ನಡ ಗಟ್ಟಿಯಾಗಿ ಕೇಳುತ್ತದೆ. ಊರಿನ ರೂಢಿಯಂತೆ ನಾವೂ ಅವರನ್ನು 'ಕಾಕಾ' ಎಂದೆವು. ಮೊದಲ ದಿನ ಸಂಜೆ ಕೈಕಾಲು ತೊಳೆದುಕೊಂಡು ಹೊರಡುವಾಗ ಕಾಕಾ ಕೇಳಿದರು: "ಸಾಹೇಬ್ರ, ನಾಳಿಗಿ ಬರಬೇಕೋ ಬ್ಯಾಡೋ ಈಗೇ ಹೇಳಿಬಿಡ್ರಿ. ಬ್ಯಾಡಂದ್ರ ಅಡ್ಡಾಕ್ಕ ಹೋಗಿ ನಿಂದರ್ತೀನಿ. ಒಂಬತ್ತರ ಮ್ಯಾಲ ಅಲ್ಲಿ ಯಾರೂ ಕರಿಯಂಗಿಲ್ರಿ."

ಅಡ್ಡಾ ಎಂದರೆ ಬೆಳಿಗ್ಗೆ ಕೂಲಿಯವರು ನಿಂತು ಕೆಲಸಕ್ಕೆ ಕಾಯುವ ಚೌಕ. ಪ್ರತಿ ಸಂಜೆ ಕಾಕಾ ಇದೇ ಪ್ರಶ್ನೆ ಕೇಳುತ್ತಿದ್ದರು. ನಾನು ಉತ್ತರ ಕೊಡುವುದು ಎಷ್ಟು ತಡವಾದರೆ ಅವರ ನಾಳೆ ಅಷ್ಟು ಸಣ್ಣದಾಗುತ್ತಿತ್ತು. ನನ್ನ ಕಂಪನಿ ನನ್ನನ್ನು ಬಿಡಬೇಕಾದರೆ 90 ದಿನ ಮೊದಲೇ ಹೇಳಬೇಕು. ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗದಿದ್ದರೆ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಸಂಬಳ ಕೊಡುತ್ತಾರೆ. ನಾವೂ ವಲಸಿಗರು, ಅವರೂ ವಲಸಿಗರು ಎಂದು ರಾಜ್ಯೋತ್ಸವದ ವೇದಿಕೆಯಲ್ಲಿ ಹೇಳುವುದು ಸುಲಭ. ನಮ್ಮ ವಲಸೆಗೆ ನೋಟಿಸ್ ಪೀರಿಯಡ್ ಇದೆ. ಅವರದಕ್ಕೆ ಬೆಳಗಿನ ಒಂಬತ್ತು ಗಂಟೆ ಇದೆ.

ಇದಕ್ಕೆ ಅರ್ಥಶಾಸ್ತ್ರದ ಸಿದ್ಧ ಉತ್ತರವೊಂದಿದೆ, ಸುಳ್ಳೇನೂ ಅಲ್ಲ. ಆಡಂ ಸ್ಮಿತ್ ತನ್ನ 1776ರ ಪುಸ್ತಕದಲ್ಲಿ ಗಾರೆ ಕೆಲಸದವರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಹಿಮ ಬಿದ್ದಾಗ, ಹವಾಮಾನ ಕೆಟ್ಟಾಗ ಅವರಿಗೆ ಕೆಲಸವಿಲ್ಲ, ಗಿರಾಕಿ ಕರೆಯದಿದ್ದರೂ ಇಲ್ಲ. ಆದ್ದರಿಂದ ಕೆಲಸವಿರುವ ದಿನದ ಕೂಲಿಯಲ್ಲೇ ಇಲ್ಲದ ದಿನದ ಊಟವೂ ಆ ದಿನಗಳ ಆತಂಕದ ಪರಿಹಾರವೂ ಸೇರಿರಬೇಕು ಎಂಬುದು ಅವನ ವಾದ. ಅಂದರೆ ನಾನು ಕೊಡುವ 1,100ರಲ್ಲಿ ಕಾಯುವ ದಿನದ ಪಾಲು ಆಗಲೇ ಇದೆ; ಬೇರೆ ಕೊಟ್ಟರೆ ಎರಡು ಸಲ ಕೊಟ್ಟಂತೆ.

ಆದರೆ ಸ್ಮಿತ್ ಹೇಳುವುದು ಕರೆಯದ ಗಿರಾಕಿಯ ಬಗ್ಗೆ. ನಾನು ಕರೆದ ಗಿರಾಕಿ. ಕರೆಯದೇ ಇರುವುದು ಬೇರೆ, ಕರೆದು ಕಾಯಿಸುವುದು ಬೇರೆ. ಮಳೆಗೆ ನಿಂತ ಕೆಲಸದಲ್ಲಿ ಯಾರ ಕೈಯೂ ಇಲ್ಲ. ಟೈಲ್ಸ್ ಬೂದಿಬಣ್ಣವೋ ಬೆಣ್ಣೆಬಣ್ಣವೋ ಎಂದು ಮನೆಮಂದಿ ಮೂರು ದಿನ ಚರ್ಚಿಸುವಾಗ ಖರ್ಚಾಗುವುದು ಯಾರ ದಿನ? ಆಯ್ಕೆಯ ಸುಖ ನನ್ನದು, ಕಾಯುವ ಕೂಲಿ ಅವರದು ಎಂಬ ಹಂಚಿಕೆಗೆ ನಾವಿಬ್ಬರೂ ಯಾವತ್ತೂ ಸಹಿ ಹಾಕಿಲ್ಲ. ಇನ್ನೊಂದು ಮಾತೂ ಇದೆ. ಹೇಳಿದ ದಿನಕ್ಕೆ ಸಾಮಾನು ತಂದಿಡುವ ಮನೆಯವರಿಗೂ, ದಿನಕ್ಕೊಂದು ಮಾತಾಡುವವರಿಗೂ ಗೌಂಡಿಯ ಕೂಲಿ ಅದೇ 1,100. ತಾನು ಯಾರ ಮನೆಗೆ ಹೋಗುತ್ತಿದ್ದೇನೆಂದು ಮೊದಲೇ ತಿಳಿದು ದರ ಹೆಚ್ಚಿಸುವ ಅವಕಾಶ ಅಡ್ಡಾದಲ್ಲಿ ನಿಂತವನಿಗೆ ಇರುವುದಿಲ್ಲ.

ಈ ಲೆಕ್ಕ ಹಾಕುವಾಗಲೇ ಕಾಂಟ್ರಾಕ್ಟರ್ ಎಂಬ ಪ್ರಾಣಿ ನನಗೆ ಸ್ವಲ್ಪ ಅರ್ಥವಾದದ್ದು. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮನೆಯಿಂದ ಆಳುಗಳನ್ನು ಎಬ್ಬಿಸಿಕೊಂಡು ಮಾಯವಾಗುತ್ತಾನೆ ಎಂಬುದು ಅವನ ಮೇಲೆ ಎಲ್ಲರ ದೂರು. ಅವನ ಕೈಯಲ್ಲಿ ಮೂರು ನಾಲ್ಕು ಸೈಟುಗಳಿರುತ್ತವೆ. ನಮ್ಮಲ್ಲಿ ಪ್ಲಾಸ್ಟರ್ ಒಣಗುತ್ತಿರುವಾಗ ಗೌಂಡಿಯನ್ನು ಇನ್ನೊಂದು ಮನೆಯ ಬಚ್ಚಲಿಗೆ ಸಾಗಿಸುತ್ತಾನೆ. ಅವನದು ಪುಣ್ಯಕಾರ್ಯವಲ್ಲ, ಎಷ್ಟೋ ಸಲ ಕೂಲಿಯನ್ನೂ ಸರಿಯಾಗಿ ಕೊಡುವುದಿಲ್ಲ. ಆದರೂ ಆಳಿನ ದಿನ ಖಾಲಿ ಹೋಗದಂತೆ ನೋಡುವುದು ಅವನ ಕಸುಬಿನ ಭಾಗ, ಅವನ ಮಾರ್ಜಿನ್ನಿನಲ್ಲಿ ಒಂದಷ್ಟು ಅದಕ್ಕೆ. ನನಗೆ ಇರುವುದು ಒಂದೇ ಅಡುಗೆಮನೆ. ಸಾಗಿಸಲು ಇನ್ನೊಂದು ಸೈಟಿಲ್ಲ. ಹಾಗಾಗಿ ಅವನ 1,30,000ವನ್ನು ಉಳಿಸಿಕೊಂಡ ನಾನು, ಅವನು ಹೊತ್ತಿದ್ದ ಈ ಭಾರವನ್ನು ಗೌಂಡಿಯ ತಲೆಗೆ ದಾಟಿಸಿದರೆ ಅದನ್ನು ಉಳಿತಾಯ ಎನ್ನಲಾರೆ. ನನ್ನ ಖರ್ಚನ್ನು ಇನ್ನೊಬ್ಬರ ಖಾತೆಗೆ ಬರೆದಂತೆ ಅದು.

ತಮಾಷೆಯೆಂದರೆ ಈ ಚಾರ್ಟಿಗೆ ಹೆಸರು ಕೊಟ್ಟ ಹೆನ್ರಿ ಗ್ಯಾಂಟ್ ಇದನ್ನು ಯೋಚಿಸಿದ್ದ. ಅವನು ಫ್ರೆಡರಿಕ್ ಟೇಲರನ ಸಹೋದ್ಯೋಗಿ. ಟೇಲರನ ಪದ್ಧತಿಯಲ್ಲಿ ಗುರಿ ಮುಟ್ಟದವನ ದರವೇ ಇಳಿಯುತ್ತಿತ್ತು. ಗ್ಯಾಂಟ್ 1901ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ತಂದ ಪದ್ಧತಿಯಲ್ಲಿ ಹೇಳಿದ ಕೆಲಸ ಮುಗಿಯಲಿ ಬಿಡಲಿ ದಿನದ ಕೂಲಿ ಖಚಿತ, ಮುಗಿದರೆ ಮೇಲೊಂದಿಷ್ಟು ಬೋನಸ್. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟಿಗೆ ಓದುವಾಗ ನಮಗೆ ಅವನ ಚಾರ್ಟ್ ಬಂತು, ಕೂಲಿಯ ವಿಚಾರ ಸಿಲಬಸ್ಸಿನಲ್ಲಿ ಇರಲಿಲ್ಲ.

ಕಾನೂನಿನ ಕಡೆ ನೋಡೋಣವೆಂದರೆ ಅಲ್ಲೂ ಬಾಗಿಲು ಮುಚ್ಚಿದೆ. ಕಟ್ಟಡ ಕಾರ್ಮಿಕರಿಗಾಗಿಯೇ ಬಂದ 1996ರ ಕೇಂದ್ರ ಕಾಯ್ದೆ, ಸ್ವಂತ ವಾಸದ ಮನೆಗೆ 10 ಲಕ್ಷ ರೂಪಾಯಿ ಮೀರದ ಕೆಲಸ ಮಾಡಿಸುವವರನ್ನು ತನ್ನ ವ್ಯಾಖ್ಯೆಯಿಂದಲೇ ಹೊರಗಿಟ್ಟಿತ್ತು. ಅದು ಸರಿಯೇ, ಒಂದು ಓಟಾ ಒಡೆಸಲು ಇನ್‌ಸ್ಪೆಕ್ಟರನ ಮುಂದೆ ನಿಲ್ಲಬೇಕೆಂದರೆ ಯಾರಿಗೂ ಆಗದು. ಆದರೆ ಸಿಮೆಂಟಿನ ವಿಷಯದಲ್ಲಿ ನಾವು ಇಷ್ಟು ಉದಾಸೀನರಲ್ಲ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಸಿ ಬಿಡಬೇಕೆಂದು ಐಎಸ್ 456 ಎಂಬ ಭಾರತೀಯ ಮಾನಕ ಹೇಳುತ್ತದೆ, ನಾವು ಗೌರವದಿಂದ ಪಾಲಿಸುತ್ತೇವೆ. ಸಿಮೆಂಟ್ ಸುಮ್ಮನಿರುವ ದಿನಗಳಿಗೆ ಮಾನಕವಿದೆ.

ನಾವು ಮಾಡಿಕೊಂಡ ಕಟ್ಟಳೆ ದೊಡ್ಡದೇನಲ್ಲ. ಸಂಜೆ ಆರರೊಳಗೆ 'ನಾಳೆ ಬೇಡ' ಎಂದರೆ ಅರ್ಧ ಕೂಲಿ. ಬಂದ ಮೇಲೆ ವಾಪಸು ಕಳಿಸಿದರೆ ಪೂರ್ತಿ. ಮೊದಲ ದಿನವೇ ಇದನ್ನು ಎಲ್ಲರಿಗೂ ಹೇಳಿದ್ದೆವು. ಟೈಲ್ಸ್ ಅಂಗಡಿಯವರು ಎರಡು ಸಲ ಮಾತು ತಪ್ಪಿದರು, ಸಿಂಕ್ ಬರುವುದು ಹಿಂದೆ ಬಿತ್ತು. ಒಟ್ಟು ಐದು ಖಾಲಿ ದಿನಗಳಾದವು. ಗೌಂಡಿಗೆ 1,100, ಬಿಗಾರಿಗೆ 700. ಐದೂ ದಿನ ಪೂರ್ತಿ ಕೊಟ್ಟರೂ 9,000 ರೂಪಾಯಿ. ಉಳಿತಾಯದ ನೂರು ರೂಪಾಯಿಯಲ್ಲಿ ಏಳು ಕೂಡ ಆಗದು. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟುದ್ದ ಬರೆಯಬೇಕೇ ಎಂದು ಕೇಳಬಹುದು. ನನಗೆ ಸಣ್ಣದಾದದ್ದು ಅವರಿಗೆ ವಾರದ ರೇಷನ್ನು, ಊರಿಗೆ ಕಳಿಸುವ ಹಣ, ಅದಕ್ಕೇ ಬರೆಯುತ್ತಿದ್ದೇನೆ.

ಆಕ್ಷೇಪಗಳು ಬಂದವು. 'ನೀವು ಹೀಗೆ ಮಾಡಿ ರೇಟ್ ಹಾಳು ಮಾಡ್ತೀರಿ' ಎಂದರು ಮೇಲಿನ ಮಹಡಿಯವರು. ನಮ್ಮ ಸಂಬಳ ಏರಿದಾಗ ಅದನ್ನು ಮಾರ್ಕೆಟ್ ಎನ್ನುತ್ತೇವೆ, ಕೂಲಿ ಏರಿದಾಗ ಹಾಳು ಎನ್ನುತ್ತೇವೆ. ಈ ವಾದದೊಂದಿಗೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. 'ಅವರೇನು ಕಡಿಮೆಯೇ, ಹೇಳದೆ ಕೇಳದೆ ತಪ್ಪಿಸಿಕೊಳ್ಳಲ್ವೇ' ಎಂಬುದು ಇದಕ್ಕಿಂತ ಗಟ್ಟಿ. ನಮ್ಮ ಬಡಗಿ ಯಾವುದೋ ಮದುವೆಗೆಂದು ಹೋಗಿ ನಾಲ್ಕು ದಿನ ಫೋನ್ ಎತ್ತಲಿಲ್ಲ. ಆ ನಾಲ್ಕು ದಿನ ನಾವು ಹಾಲಿನಲ್ಲಿ ಇಂಡಕ್ಷನ್ ಒಲೆ ಇಟ್ಟು ಅನ್ನ ಮಾಡಿದೆವು, ಬಚ್ಚಲಲ್ಲಿ ಪಾತ್ರೆ ತೊಳೆದೆವು. ನನಗೆ ಹೋದದ್ದು ಅನುಕೂಲ, ಅವರಿಗೆ ಹೋಗುವುದು ದಿನ, ಎರಡೂ ಸಮವಲ್ಲ. ಹಾಗೆಂದು ಬಡವರ ಮಾತಿಗೆ ಲೆಕ್ಕವಿಲ್ಲ ಎಂದು ಬಿಟ್ಟುಬಿಡುವುದೂ ಒಂದು ಬಗೆಯ ತಿರಸ್ಕಾರವೇ. ಬಡಗಿಗೆ ಅದನ್ನು ಖಾರವಾಗಿಯೇ ಹೇಳಿದೆ.

ನಾನು ಊಹಿಸದ ಆಕ್ಷೇಪ ಬಂದದ್ದು ಕಾಕಾರಿಂದ. ಮೊದಲ ಖಾಲಿ ದಿನ ಹಣ ಕೊಡಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. "ಕೆಲ್ಸ ಮಾಡಲಾರದ್ದ ರೊಕ್ಕ ಹ್ಯಾಂಗ ತಗೊಳ್ಳೂದ್ರೀ?" ಎಂದರು. ಕಾಯಿಸಿದ್ದಕ್ಕೆ ಇದು ಎಂದು ನಾನು ವಿವರಿಸಿದೆ. ಅವರು ಕೇಳಿದರು, ಒಪ್ಪಲಿಲ್ಲ. ಬಾಲ್ಕನಿಗೆ ಹೋಗಿ ಎದ್ದುನಿಂತಿದ್ದ ನಾಲ್ಕು ಟೈಲ್ಸನ್ನು ಕಿತ್ತು ಕೂರಿಸಿ, ಆಮೇಲೆ ತೆಗೆದುಕೊಂಡರು. ಬೆಂಚಿನ ಸಂಬಳವನ್ನು ಬೇಡವೆಂದ ಇಂಜಿನಿಯರನ್ನು ಇಪ್ಪತ್ತು ವರ್ಷದಲ್ಲಿ ನಾನು ಕಂಡಿಲ್ಲ, ನಾನೂ ಬೇಡ ಎಂದವನಲ್ಲ. ನ್ಯಾಯವೆಂದು ನಾನು ಕೊಟ್ಟದ್ದು ಅವರಿಗೆ ದಾನದಂತೆ ಕಂಡಿತೇನೋ. ಆಮೇಲಿನ ಖಾಲಿ ದಿನಗಳಿಗೆ ಕೊಡುವ ಬದಲು ಏನಾದರೂ ಕೆಲಸ ಹುಡುಕಿಡುವುದು ರೂಢಿಯಾಯಿತು: ಬಚ್ಚಲಿನ ಸಂದಿಗೆ ಬಿಳಿ ಸಿಮೆಂಟ್, ಕಿಟಕಿಯ ಕಟ್ಟೆಗೆ ಉಳಿದ ಕಡಪ ಕಲ್ಲು. ಬಿಗಾರಿ ಹುಡುಗ ಮಾತ್ರ ಮೊದಲ ದಿನವೇ ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡ. ಅವನದೂ ತಪ್ಪೆನ್ನಲು ನನಗೆ ಕಾರಣ ಸಿಗುವುದಿಲ್ಲ.

ಒಂದು ವಿಷಯ ಬಾಕಿ. ನಮ್ಮ ಮನೆಗೆ ದಿನಾ ಬೆಳಿಗ್ಗೆ ಬಂದು ಚಪಾತಿ, ಪಲ್ಯ ಮಾಡಿಡುವ ಮಾವ್ಶಿಯೊಬ್ಬರಿದ್ದಾರೆ. ಅಡುಗೆಮನೆ ಒಡೆದ ತಿಂಗಳು ಅವರಿಗೆ ನಮ್ಮಲ್ಲಿ ಕೆಲಸವಿಲ್ಲ. ಇಲ್ಲಿಯ ಸೊಸೈಟಿಗಳಲ್ಲಿ 'ಕೆಲಸ ಮುಗಿದ ಮೇಲೆ ಫೋನ್ ಮಾಡ್ತೀವಿ' ಎಂದು ಕಳಿಸುವುದೇ ವಾಡಿಕೆ, ಯಾರೂ ಅದನ್ನು ರಿನೋವೇಶನ್ನಿನ ಖರ್ಚಿನಲ್ಲಿ ಸೇರಿಸುವುದಿಲ್ಲ. ಕೆಲಸ ಶುರುವಾಗುವ ವಾರ ಮಾವ್ಶಿ ಹೊಸ ಓಟಾದ ಎತ್ತರ ಎಷ್ಟು ಎಂದು ಕೇಳಿದರು. 34 ಇಂಚು ಎಂದೆವು. ಅವರು ಗೋಡೆಗೆ ಕೈಯಿಟ್ಟು ನೋಡಿ, ತಮಗೆ ಕಾಲ ಕೆಳಗೆ ಒಂದು ಮಣೆ ಬೇಕಾಗುತ್ತದೆ ಎಂದರು. ಓಟಾ 32 ಇಂಚಿಗೆ ಇಳಿಯಿತು. ನನ್ನ ಹೆಂಡತಿ ಎಕ್ಸೆಲ್ ಶೀಟ್ ತೆರೆದು, ಚಿಮಣಿಗೂ ಟೈಲ್ಸಿಗೂ ನಡುವೆ ಒಂದು ಹೊಸ ಸಾಲು ಸೇರಿಸಿ, ಮಾವ್ಶಿಯ ಹೆಸರಿನ ಮುಂದೆ ಅವರ ಪೂರ್ತಿ ತಿಂಗಳ ಸಂಬಳ ಬರೆದಳು.